ಕೆಲಸದ ಫೋನು, ಶೋಕಿ ಫೋನು

ಮೈಲಾರದ ಕಾರ್ಣಿಕಕ್ಕೆ ವರದಿಗೆ ಹೋದವರಿಗೆ ಒಂದು ಭಯ ಇದ್ದೇ ಇರುತ್ತದೆ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಡೆಂಕನಮರಡಿಯ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆಮೇಲೆ ಬರುವುದು ಒಂದೇ ಒಂದು ಮಾತು. ಅದನ್ನು ನುಡಿದು ಅವರು ಮೇಲಿಂದ ಕೆಳಗೆ ಬೀಳುತ್ತಾರೆ, ಮುಗಿಯಿತು. "ಅಜ್ಜಾ, ಇನ್ನೊಂದು ಸಲ ಹೇಳ್ರಿ" ಅಂತ ಕೇಳುವ ಹಾಗಿಲ್ಲ. ಮಳೆ ಹೇಗೆ, ಬೆಳೆ ಹೇಗೆ, ಸರ್ಕಾರ ಹೇಗೆ ಅಂತ ಇಡೀ ರಾಜ್ಯ ಆ ಮಾತಿಗೆ ಕಾಯುತ್ತಿರುತ್ತದೆ. ಡೆಸ್ಕಿನಿಂದ ಆಗಲೇ ಮೂರು ಸಲ ಫೋನ್ ಬಂದಿರುತ್ತದೆ.

ಕೆಲವು ವರ್ಷದ ಹಿಂದೆ ನಾನು ಅಲ್ಲಿ ಹೊಸ ಫೋನ್ ಹಿಡಿದು ನಿಂತಿದ್ದೆ. 24,000 ರೂಪಾಯಿದು, ಹನ್ನೆರಡು ಕಂತಿನಲ್ಲಿ ತಗೊಂಡಿದ್ದೆ. ತೆಳ್ಳಗೆ, ಹಿಂದೆ ಮೂರು ಕ್ಯಾಮೆರಾ, ಬಿಸಿಲಿಗೆ ಹಿಡಿದರೆ ನವಿಲುಗರಿ ಥರ ಮಿಂಚುತ್ತಿತ್ತು. ಮಧ್ಯಾಹ್ನದಿಂದ ಬಿಸಿಲಲ್ಲೇ ನಿಂತು ವಿಡಿಯೊ ಮಾಡಿದ್ದೆ. ಸಂಜೆ ಗೊರವಯ್ಯ ಬಿಲ್ಲಿಗೆ ಕೈ ಹಾಕುವ ಹೊತ್ತಿಗೆ ಪರದೆ ಮೇಲೆ ಒಂದು ಸಾಲು ಬಂತು: ಫೋನ್ ಬಿಸಿಯಾಗಿದೆ, ಕ್ಯಾಮೆರಾ ಬಂದ್. ಅಷ್ಟೇ.

ಜೇಬಿನಲ್ಲಿ ಇನ್ನೊಂದು ಫೋನ್ ಇತ್ತು. ಹಳೇದು, ದಪ್ಪಂದು, ಮೂಲೆಯಲ್ಲಿ ಗ್ಲಾಸು ಸೀಳಿದ್ದು. ಗೆಳೆಯರು ಅದಕ್ಕೆ ಇಟ್ಟಂಗಿ ಅಂತಿದ್ದರು. ಅದನ್ನು ತೆಗೆದು ವಾಯ್ಸ್ ರೆಕಾರ್ಡರ್ ಒತ್ತಿದೆ, ಕಾರ್ಣಿಕ ಸಿಕ್ಕಿತು. ಅಷ್ಟು ಜನ ಒಂದೇ ಬಯಲಲ್ಲಿದ್ದರೆ ನೆಟ್ ಎಲ್ಲಿ ಬರಬೇಕು? ಅದೇ ಇಟ್ಟಂಗಿಯಿಂದ ಕಾಲ್ ಮಾಡಿ ಸುದ್ದಿಯನ್ನು ಬಾಯಲ್ಲೇ ಬರೆಸಿದೆ. ಹೊಸ ಫೋನ್ ಅರ್ಧ ತಾಸು ಜೇಬಿನಲ್ಲಿ ತಣ್ಣಗಾಗುತ್ತ ಕೂತಿತ್ತು.

ಈ ಕತೆ ಈಗ ಯಾಕೆ ನೆನಪಾಯಿತು ಅಂದರೆ, ಹೋದ ತಿಂಗಳು ಹರಪನಹಳ್ಳಿ ಕಡೆಯ ನನ್ನ ಮಾವನ ಮಗ ಫೋನ್ ಮಾಡಿ, "ಭಾವ, ಯಾವ ಫೋನ್ ತಗೊಳ್ಲಿ?" ಅಂತ ಕೇಳಿದ. ಅವನಿಗೆ ಮೆಕ್ಕೆಜೋಳದ ಹೊಲ ಇದೆ, ಒಂದು ಗೂಡ್ಸ್ ಗಾಡಿ ಇದೆ. ಬಾಡಿಗೆ ಹಿಡಿಯುವುದು, ಅಡತಿ ರೇಟು ಕೇಳುವುದು, ಡೀಸೆಲ್‌ಗೆ ಸ್ಕ್ಯಾನ್ ಮಾಡುವುದು, ಬೆಳೆ ಸಮೀಕ್ಷೆ ಫೋಟೊ ಹಾಕುವುದು, ಎಲ್ಲಾ ಫೋನಿನಲ್ಲೇ. ಹತ್ತು ಸಾವಿರದ ಒಳಗೆ ಒಂದು ದಪ್ಪನೆಯ, ದೊಡ್ಡ ಬ್ಯಾಟರಿಯ, ಸಾದಾ ಕ್ಯಾಮೆರಾದ ಫೋನ್ ಸಾಕಾ, ಇಲ್ಲಾ ಮೂರು ಪಟ್ಟು ಕೊಟ್ಟು ನುಣ್ಣನೆಯದು ತರಬೇಕಾ ಅನ್ನುವುದು ಅವನ ಪ್ರಶ್ನೆ. ಅಂಗಡಿಯವನು ಅವನಿಗೆ ಎರಡನೆಯದನ್ನೇ ತೋರಿಸಿದ್ದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಐದು ತಾಲೂಕಿನ ಕೆಲಸಕ್ಕೆ ಸಾದಾ ಫೋನು ಧಾರಾಳ ಸಾಕು. ಬಿಸಿಲು, ಧೂಳು, ಒದ್ದೆ ಕೈಯ ಲೆಕ್ಕ ಹಾಕಿದರೆ ಅದೇ ಮೇಲು. ಆದರೂ ಅದು ಸೋಲುತ್ತಿದೆ. ಸೋಲಿಸುತ್ತಿರುವುದು ಎದುರಿನ ತೆಳ್ಳನೆಯ ಫೋನ್ ಅಂದುಕೊಂಡಿದ್ದೇವೆ. ನಾನು ನೋಡಿದ ಮಟ್ಟಿಗೆ ಅದನ್ನು ಸೋಲಿಸುತ್ತಿರುವುದು ಅದರೊಳಗೆ ತುಂಬುತ್ತಿರುವ ಆ್ಯಪ್‌ಗಳು. ಅದರಲ್ಲೂ "ಕಡ್ಡಾಯ" ಅಂತ ಹೇಳಿ ತುಂಬಿಸುವ ಆ್ಯಪ್‌ಗಳು.

ಸ್ವಲ್ಪ ಹಿಂದಕ್ಕೆ ಹೋಗೋಣ. ನೋಕಿಯಾ 1100 ನೆನಪಿದೆಯಾ? 2003ರಲ್ಲಿ ಬಂದದ್ದು. ಮೇಲೆ ಟಾರ್ಚು, ಧೂಳು ಒಳಗೆ ಹೋಗದಂಥ ರಬ್ಬರಿನ ಕೀಪ್ಯಾಡು. ರಾತ್ರಿ ಮೋಟಾರ್ ಚಾಲೂ ಮಾಡಲು ಹೊಲಕ್ಕೆ ಹೋಗುವವರು ಬ್ಯಾಟರಿ ಬಿಟ್ಟು ಅದನ್ನೇ ಒಯ್ಯುತ್ತಿದ್ದರು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ಯಾರಿಗಾಗಿ ಮಾಡುತ್ತಿದ್ದೇವೆ, ಅವರು ಎಲ್ಲಿ ಓಡಾಡುತ್ತಾರೆ ಅಂತ ತಿಳಿದು ಮಾಡಿದ್ದರು. ನೋಕಿಯಾದವರು ಚೆನ್ನೈ ಪಕ್ಕದ ಶ್ರೀಪೆರಂಬುದೂರಿನಲ್ಲಿ 2006ರಲ್ಲಿ ತೆರೆದ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಎಲ್ಲರ ಕೈಗೂ ಟಚ್ ಫೋನ್ ಬಂದಿತ್ತು.

ದೊಡ್ಡ ಆಫೀಸಿನವರ ಫೋನು ಅಂದರೆ ಆಗ ಬ್ಲ್ಯಾಕ್‌ಬೆರಿ. ಕೆನಡಾದ ಕಂಪನಿ. ಕೆಳಗೆ ಸಣ್ಣ ಸಣ್ಣ ಬಟನ್ನು, ಇಮೇಲ್ ಕಳಿಸುವುದಕ್ಕೆ ಅದರಷ್ಟು ಚುರುಕು ಬೇರೆ ಇರಲಿಲ್ಲ. 2007ರಲ್ಲಿ ಐಫೋನ್ ಬಂದ ಮೇಲೂ ಅದರ ಬಟನ್ನು ಹಾಳಾಗಲಿಲ್ಲ, ಇಮೇಲ್ ನಿಧಾನವಾಗಲಿಲ್ಲ. ಆದರೆ ಆ್ಯಪ್ ಮಾಡುವವರೆಲ್ಲ ಐಫೋನ್, ಆಂಡ್ರಾಯ್ಡ್ ಕಡೆ ಹೋದರು. ಇತ್ತ ಹೊಸದು ಬರುವುದು ನಿಂತಿತು. 2022ರ ಜನವರಿ 4ಕ್ಕೆ ಆ ಹಳೆಯ ಬ್ಲ್ಯಾಕ್‌ಬೆರಿಗಳ ಸೇವೆಯನ್ನು ಕಂಪನಿಯೇ ನಿಲ್ಲಿಸಿತು.

ನಮ್ಮ ಕಡೆ ಅದೇ ಕತೆ ಜಿಯೋಫೋನಿನದ್ದು. 2017ರಲ್ಲಿ 1,500 ರೂಪಾಯಿ ಡಿಪಾಜಿಟ್ಟಿಗೆ ಬಂತು. ಬಟನ್ ಫೋನೇ, ಆದರೆ ಒಳಗೆ ಫೋರ್‌ಜಿ. ಮೊದಲು ವಾಟ್ಸ್‌ಆ್ಯಪ್ ಇರಲಿಲ್ಲ, ಮರುವರ್ಷ ಸೆಪ್ಟೆಂಬರಿನಲ್ಲಿ ಬಂತು. ಆಗ ನಮ್ಮೂರಲ್ಲಿ ಮುದುಕರೂ ಅದನ್ನು ತಗೊಂಡರು, ಗುಳೆ ಹೋದ ಮಕ್ಕಳ ಮುಖ ನೋಡಬಹುದು ಅಂತ. ಆಮೇಲೆ ಆ ಥರದ ಫೋನಿಗೆ ವಾಟ್ಸ್‌ಆ್ಯಪ್ ಕೊಡುವುದನ್ನೇ ನಿಲ್ಲಿಸಿದರು. ಫೋನ್ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಗೂಡಿನಲ್ಲಿ ದೇವರ ಫೋಟೊ ಪಕ್ಕ ಇಟ್ಟಿದ್ದಾರೆ.

ಈಗ ಹಡಗಲಿಗೆ ಬನ್ನಿ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ಅದು ನಮಗೆಲ್ಲ ಗೊತ್ತು. ಮೊಗ್ಗು ಬಿಡಿಸುವುದು ಬೆಳಗಿನ ಜಾವ, ಗಿಡದ ಮೇಲೆ ಇಬ್ಬನಿ ಇರುವಾಗ. ಅರಳಿದರೆ ರೇಟು ಹೋಯಿತು. ಅಂಥ ಹೊತ್ತಿನಲ್ಲಿ ಮಾರ್ಕೆಟ್ಟಿಂದ ಫೋನ್ ಬರುತ್ತದೆ, ಇವತ್ತು ಎಷ್ಟು ಬರುತ್ತೆ, ಎಷ್ಟಕ್ಕೆ ಕೊಡುತ್ತೀರಿ ಅಂತ. ಟಚ್ ಫೋನಿನ ಗಾಜು, ಅದರಲ್ಲಿರುವ ಸಣ್ಣ ವಿದ್ಯುತ್ತು ನಮ್ಮ ಬೆರಳು ತಾಗಿದಾಗ ಬದಲಾಗುವುದರ ಮೇಲೆ ಕೆಲಸ ಮಾಡುತ್ತದೆ. ನೀರಿನ ಹನಿ ಬಿದ್ದರೆ ಅದಕ್ಕೆ ಬೆರಳು ಯಾವುದು ನೀರು ಯಾವುದು ತಿಳಿಯುವುದಿಲ್ಲ. ಒಬ್ಬ ಅಕ್ಕ ಮೊಗ್ಗಿನ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡೇ ನನಗೆ ತೋರಿಸಿದರು. ಮಗ ಕೊಡಿಸಿದ ದೊಡ್ಡ ಫೋನಿನ ಹಸಿರು ಗುಂಡನ್ನು ಎಳೆದರೆ ಎಳೆಯುತ್ತಲೇ ಇದೆ, ಕಾಲ್ ಎತ್ತುತ್ತಿಲ್ಲ. "ಸೀರಿಗೆ ಕೈ ಒರೆಸ್ಕೊಂಡು ಬರೋದ್ರಾಗ ಅವ್ರು ಇನ್ನೊಬ್ರಿಗೆ ಹಚ್ಚಿರ್ತಾರಣ್ಣ" ಅಂದರು. ಅವರ ಕೆಲಸದ ಫೋನು ಇವತ್ತಿಗೂ ಬಟನ್ನಿನದೇ. ದೊಡ್ಡದು ಮನೆಯಲ್ಲಿ, ಧಾರಾವಾಹಿಗೆ.

ಬಟನ್ ಫೋನಲ್ಲಿ ದುಡ್ಡು ಕಳಿಸಲಿಕ್ಕಾಗಲ್ಲ ಅಂತ ಹೇಳುವವರಿದ್ದಾರೆ. ಆಗುತ್ತದೆ. ಯುಪಿಐ 123ಪೇ ಅಂತ ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಶುರು ಮಾಡಿದೆ. ನಂಬರಿಗೆ ಕಾಲ್ ಮಾಡಿ, ಕೇಳಿದ್ದಕ್ಕೆ ಬಟನ್ ಒತ್ತಿ, ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ನೆಟ್ ಬೇಡ. ನಮ್ಮ ಕಡೆ ಇದನ್ನು ಬಳಸುವವರನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ಸ್ಕ್ಯಾನರ್ ಡಬ್ಬಿ ಮಾರುವವರು ಹಳ್ಳಿ ಹಳ್ಳಿಗೆ ಬಂದರು, ಇದನ್ನು ಹೇಳಿಕೊಡಲು ಯಾರೂ ಬರಲಿಲ್ಲ.

ಇನ್ನು ಬೆಳೆ ಸಮೀಕ್ಷೆ. 2020ರಿಂದ ರೈತರೇ ತಮ್ಮ ಬೆಳೆಯ ಫೋಟೊ ಆ್ಯಪಿನಲ್ಲಿ ಹಾಕಬಹುದು ಅಂತಾಯಿತು. ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆ ಎಲ್ಲದಕ್ಕೂ ಈ ಲೆಕ್ಕವೇ ಆಧಾರ. ಸರ್ವೆ ನಂಬರಿನ ಒಳಗೆ ನಿಂತು ಫೋಟೊ ತೆಗೆಯಬೇಕು. ಇಲ್ಲಿ ಬೇಕಾದ್ದು ಎರಡೇ, ಜಾಗ ಹಿಡಿಯುವ ಜಿಪಿಎಸ್ ಮತ್ತು ಬೆಳೆ ಯಾವುದು ಅಂತ ತಿಳಿಯುವಷ್ಟು ಫೋಟೊ. ಜಿಪಿಎಸ್ ಬರುವುದು ಉಪಗ್ರಹದಿಂದ, ಟವರಿಂದಲ್ಲ. ಸಿಮ್ ಇಲ್ಲದಿದ್ದರೂ ಸಿಗುತ್ತದೆ, ನೆಟ್ ಇಲ್ಲದ ಕಡೆ ಮೊದಲ ಸಲ ಹಿಡಿಯಲು ಸ್ವಲ್ಪ ತಡ, ಅಷ್ಟೇ. ತೆರೆದ ಬಯಲಲ್ಲಿ ಒಂದೆರಡು ನಿಮಿಷ ನಿಂತರೆ ಎಂಟು ಸಾವಿರದ ಫೋನೂ ನಿಮ್ಮ ಬದು ತೋರಿಸುತ್ತದೆ.

ಫೋಟೊ ವಿಷಯವಂತೂ ನನ್ನ ಹೊಟ್ಟೆಪಾಡಿನದೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯಲ್ಲಿ "50 ಮೆಗಾಪಿಕ್ಸೆಲ್, 108 ಮೆಗಾಪಿಕ್ಸೆಲ್" ಅಂತಾರಲ್ಲ, ಆ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಅದು ಹಿಂಡಿ ಹಿಂಡಿ ಸುಮಾರು 2 ಮೆಗಾಪಿಕ್ಸೆಲ್ಲಿಗೆ ಇಳಿಸುತ್ತದೆ. ಎಚ್‌ಡಿ ಅಂತ ಒತ್ತಿದರೆ ಸ್ವಲ್ಪ ಜಾಸ್ತಿ. ಪೇಪರಿನಲ್ಲಿ ಎರಡು ಕಾಲಮ್ಮಿಗೆ ಅದು ಸಾಕಾಗುತ್ತದೆ. ಹತ್ತು ವರ್ಷದಲ್ಲಿ ಒಂದು ಸಲವೂ ಡೆಸ್ಕಿನವರು ನನಗೆ "ಮೆಗಾಪಿಕ್ಸೆಲ್ ಎಷ್ಟು?" ಅಂತ ಕೇಳಿಲ್ಲ. "ಕ್ಯಾಪ್ಶನ್ ಎಲ್ಲಿ? ಹೆಸರು ಎಡದಿಂದಲಾ ಬಲದಿಂದಲಾ?" ಅಂತ ಕೇಳಿದ್ದಾರೆ. ಹೌದು, ರಾತ್ರಿ ಹೊತ್ತು, ಕೊಟ್ಟೂರು ತೇರಿನ ಹಿಂದಿನ ದಿನ ಪಾದಯಾತ್ರಿಗಳು ಕತ್ತಲಲ್ಲಿ ಬರುವ ಫೋಟೊ ತೆಗೆಯುವಾಗ ದುಬಾರಿ ಫೋನು ಎದ್ದು ಕಾಣುತ್ತದೆ. ಅದನ್ನು ಒಪ್ಪುತ್ತೇನೆ.

ಒಪ್ಪಬೇಕಾದ್ದು ಇನ್ನೂ ಇದೆ. ಸಾದಾ ಫೋನಿನ ನಿಜವಾದ ಸೊರಗು ಹೊರಗೆ ಕಾಣುವುದಿಲ್ಲ. ಸ್ಟೋರೇಜು ಅಂದರೆ ಹಗೇವು ಅಂತ ತಿಳಿಯಿರಿ, ಎಷ್ಟು ಕಾಳು ತುಂಬಬಹುದು ಅನ್ನುವ ಲೆಕ್ಕ. ರ‍್ಯಾಮ್ ಅಂದರೆ ಮೊರ. ಹಗೇವು ಎಷ್ಟೇ ದೊಡ್ಡದಿರಲಿ, ಮೊರ ಸಣ್ಣದಿದ್ದರೆ ಒಂದೊಂದೇ ಸೇರು ಹಾಕಿ ಹಸನು ಮಾಡುತ್ತ ಕೂರಬೇಕು. ಅಗ್ಗದ ಫೋನಿನಲ್ಲಿ ಮೊರ ಸಣ್ಣದು, ಜೊತೆಗೆ ಹಗೇವಿನ ಬಾಯಿಯೂ ಕಿರಿದು. ಒಳಗೆ ಹಾಕುವ ಮೆಮೊರಿಯೇ ನಿಧಾನದ್ದು ಇರುತ್ತದೆ. ಅದಕ್ಕೇ ಎರಡು ವರ್ಷಕ್ಕೆ "ಹ್ಯಾಂಗ್ ಆಗುತ್ತೆ" ಅನ್ನುವ ದೂರು. ಇನ್ನೊಂದು, ಸುರಕ್ಷತೆಯ ಅಪ್‌ಡೇಟು. ದುಬಾರಿ ಫೋನಿಗೆ ಏಳು ವರ್ಷ ಕೊಡುತ್ತೇವೆ ಅನ್ನುವ ಕಂಪನಿಗಳಿವೆ. ಅಗ್ಗದ್ದಕ್ಕೆ ಅನೇಕ ಸಲ ಎರಡು ವರ್ಷವೂ ಬರುವುದಿಲ್ಲ. ಆಮೇಲೆ ಬ್ಯಾಂಕಿನ ಆ್ಯಪು ಈ ಫೋನಿನಲ್ಲಿ ನಡೆಯಲ್ಲ ಅನ್ನುತ್ತದೆ. ಬಡವನ ದುಡ್ಡಿರುವ ಫೋನಿಗೇ ಬೀಗ ಸಡಿಲ. ಇದರಲ್ಲಿ ಕಂಪನಿಗಳ ಪಾಲಿನ ತಪ್ಪು ದೊಡ್ಡದಿದೆ.

ಆದರೆ ಮೊರ ಸಣ್ಣದು ಅಂತ ಗೊತ್ತಿದ್ದೂ ಅದರ ಮೇಲೆ ಚೀಲ ಚೀಲ ಸುರಿಯುವವರು ಯಾರು?

ಅಂಗನವಾಡಿ ನೋಡಿ. 2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಶುರುವಾಯಿತು. ಪುಸ್ತಕದ ಕೆಲಸ ಕಡಿಮೆ ಮಾಡಿ ಎಲ್ಲಾ ಫೋನಿಗೆ ತರುತ್ತೇವೆ ಅಂದರು. ಕಾರ್ಯಕರ್ತೆಯರಿಗೆ ಸ್ಮಾರ್ಟ್‌ಫೋನ್ ಕೊಟ್ಟರು. ನಮ್ಮ ರಾಜ್ಯದಲ್ಲಿ ಆಗ 'ಸ್ನೇಹ' ಅನ್ನುವ ಆ್ಯಪ್ ಇತ್ತು, 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಮಹಾರಾಷ್ಟ್ರದ ಸಾವಿರಾರು ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನು ಗುಂಪು ಗುಂಪಾಗಿ ಹೋಗಿ ವಾಪಸ್ ಕೊಟ್ಟರು. 2 ಜಿಬಿ ರ‍್ಯಾಮಿನ ಫೋನು, ಆ್ಯಪ್ ಹಾಕಿದರೆ ಬಿಸಿಯಾಗಿ ನಿಲ್ಲುತ್ತದೆ, ಮರಾಠಿಯಲ್ಲೂ ಇಲ್ಲ ಅನ್ನುವುದು ಅವರ ದೂರು. ಎರಡು ವರ್ಷದ ಹಿಂದೆ ಕೊಟ್ಟಾಗ ಅದು ಕೆಲಸಕ್ಕೆ ಸಾಕಾಗುವ ಫೋನೇ ಆಗಿತ್ತು. ಆ್ಯಪ್ ಬದಲಾಯಿತು, ಫೋನ್ ಅದೇ ಉಳಿಯಿತು.

ಆಮೇಲೂ ಕೆಲಸ ಹೆಚ್ಚುತ್ತಲೇ ಹೋಯಿತು. ಹಾಜರಿ, ತೂಕ, ಎತ್ತರ, ಮನೆಗೆ ಕೊಡುವ ಆಹಾರ, ಆಧಾರ್. 2025ರಲ್ಲಿ ಮನೆಗೆ ಆಹಾರ ಒಯ್ಯುವವರ ಮುಖವನ್ನೂ ಫೋನಿಗೆ ತೋರಿಸಿ ಗುರುತು ಹಿಡಿಸಬೇಕು ಅಂತಾಯಿತು. ನಾನು ಮಾತಾಡಿಸಿದ ಒಬ್ಬ ಟೀಚರ್ ಹಗರಿಬೊಮ್ಮನಹಳ್ಳಿ ತಾಲೂಕಿನವರು. ಇಲಾಖೆ ಕೆಲಸವನ್ನು ಅವರು ಮಗಳ ಫೋನಿನಲ್ಲಿ ಮಾಡುತ್ತಾರೆ. ಮಗಳು ಪಿಯುಸಿ. ಮಗಳು ಕಾಲೇಜಿಗೆ ಫೋನ್ ಬಿಟ್ಟು ಹೋಗುತ್ತಾಳೆ, ಸಂಜೆ ಇವರು ಮಗಳಿಗೆ ಕೊಡುತ್ತಾರೆ. ಗ್ರೂಪಿನಲ್ಲಿ ಬಂದ ನೋಟ್ಸು ಅವಳಿಗೆ ರಾತ್ರಿ ಸಿಗುತ್ತದೆ. "ನನ್ ಗೌರವಧನ ನನಗ. ನನ್ ಕೆಲ್ಸದ ಫೋನಿನ ಖರ್ಚು ಯಾರಿಗಣ್ಣ?" ಅಂತ ಕೇಳಿದರು. ಬರೆದುಕೊಂಡು ಬಂದೆ. ಉತ್ತರ ನನ್ನ ಹತ್ತಿರ ಇರಲಿಲ್ಲ.

ನರೇಗಾ ಕಾಯಕ ಬಂಧುಗಳ ಕತೆ ಇನ್ನೂ ಬಿಗಿ. ಕೂಲಿಕಾರರ ಹಾಜರಿಯನ್ನು ಆ್ಯಪಿನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಜಾಗದ ಗುರುತಿನ ಸಮೇತ ಫೋಟೊ ಅಂತ 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯ ಮಾಡಿದರು. ಫೋನ್ ಮಾತ್ರ ಕೊಡಲಿಲ್ಲ, ಸ್ವಂತದ್ದೇ ಬಳಸಬೇಕು. ಕೆರೆ ಹೂಳೆತ್ತುವ ಜಾಗ ಊರಿಂದ ಎಷ್ಟೋ ದೂರ. ಕೂಡ್ಲಿಗಿ ಸೀಮೆಯ ಗುಡ್ಡದ ಸೆರಗಿನಲ್ಲಿ ಟವರು ಸಿಗದ ಹಳ್ಳಿಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ. ಫೋಟೊ ಏರಲಿಲ್ಲ ಅಂದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಗುದ್ದಲಿ ಹಿಡಿದು ಬೊಕ್ಕೆ ಎದ್ದ ಕೈ ಎದುರಿಗೇ ಇರುತ್ತದೆ, ನಂಬುವುದು ಮಾತ್ರ ಫೋನನ್ನು. ಊರಲ್ಲಿ ದುಡಿದದ್ದಕ್ಕೆ ದುಡ್ಡು ಬರದಿದ್ದರೆ ಜನ ಬೆಂಗಳೂರಿಗೋ ಕಾಫಿ ಸೀಮೆಗೋ ಗಂಟುಮೂಟೆ ಕಟ್ಟುತ್ತಾರೆ. ಕೂಡ್ಲಿಗಿ, ಹರಪನಹಳ್ಳಿಯವರಿಗೆ ಗುಳೆ ಅಂದರೇನು ಅಂತ ನಾನು ಬರೆದು ತಿಳಿಸಬೇಕಾಗಿಲ್ಲ.

ಇಂಥ ಆ್ಯಪ್‌ಗಳನ್ನು ಮಾಡುವವರು ಕೂರುವುದು ಎಸಿ ಕೋಣೆಯಲ್ಲಿ, ಹೊಸ ಫೋನು, ವೈಫೈ. ಅಲ್ಲಿ ಎಲ್ಲಾ ಸರಸರ ನಡೆಯುತ್ತದೆ. ನಾಲ್ಕು ವರ್ಷದ ಹಳೆಯ ಫೋನು, 58 ಜಿಬಿ ತುಂಬಿದ 64 ಜಿಬಿ ಸ್ಟೋರೇಜು, ಏಪ್ರಿಲ್ ಬಿಸಿಲು, ಒಂದು ಕಡ್ಡಿ ಸಿಗ್ನಲ್ಲು, ಇದರಲ್ಲಿ ಒಮ್ಮೆ ನಡೆಸಿ ನೋಡಿದ್ದರೆ ಅರ್ಧ ಸಮಸ್ಯೆ ಅಲ್ಲೇ ಕಾಣುತ್ತಿತ್ತು. ಹಗುರ ಆ್ಯಪ್ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಕಡಿಮೆ ರ‍್ಯಾಮಿನ ಫೋನಿಗೆ ಅಂತಲೇ ಗೂಗಲ್ 2017ರಲ್ಲಿ ಆಂಡ್ರಾಯ್ಡ್ ಗೋ ತಂದಿತು. ನೆಟ್ ಇಲ್ಲದಾಗ ಬರೆದಿಟ್ಟುಕೊಂಡು, ಸಿಕ್ಕಾಗ ಕಳಿಸುವ ಆ್ಯಪ್‌ಗಳು ಎಷ್ಟೋ ಇವೆ. ನಮ್ಮ ವಾಟ್ಸ್‌ಆ್ಯಪೇ ಮಾಡುತ್ತದಲ್ಲ, ಗಡಿಯಾರದ ಗುರುತು ತೋರಿಸಿ ಕಾಯುತ್ತದೆ, ಸಿಗ್ನಲ್ ಬಂದ ಕೂಡಲೇ ಟಿಕ್ ಬೀಳುತ್ತದೆ. ಗೆಳೆಯನಿಗೆ ಕಳಿಸುವ ಗುಡ್ ಮಾರ್ನಿಂಗಿಗೆ ಇರುವ ಸೌಕರ್ಯ ಕೂಲಿಯವರ ಹಾಜರಿಗೆ ಯಾಕೆ ಇರಬಾರದು?

ಹೀಗಾಗಿ ಅಂಗಡಿಗೆ ಹೋದವನು ಹೆದರುತ್ತಾನೆ. ಸಾದಾ ತಗೊಂಡರೆ ನಾಳೆ ಯಾವ ಆ್ಯಪ್ ನಡೆಯಲ್ಲವೋ ಅಂತ. ಆ ಹೆದರಿಕೆಯನ್ನೇ ಅಂಗಡಿಯವನು ಮಾರುತ್ತಾನೆ. ಕೊಟ್ಟೂರಿನಲ್ಲಿ ಪರಿಚಯದ ಒಬ್ಬ ಮೊಬೈಲ್ ಅಂಗಡಿಯವನ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತ ಈ ಮಾತು ತೆಗೆದೆ. ಮುಚ್ಚುಮರೆ ಮಾಡಲಿಲ್ಲ. "ಅಣ್ಣ, ಎಂಟು ಸಾವಿರದ್ದು ಮಾರಿದ್ರೆ ನನಗೆ ಚಾ ಕುಡಿಯೋ ದುಡ್ಡು ಉಳೀತೈತಿ. ಕಂತಿನ ಫೋನ್ ಮಾರಿದ್ರೆ ಫೈನಾನ್ಸಿನೋರು ಕೊಡ್ತಾರ, ಕಂಪನಿನೂ ಕೊಡ್ತೈತಿ. ಗ್ಲಾಸು, ಕವರು, ಇಯರ್ ಫೋನು ಅಂತ ಮ್ಯಾಲೆ ಮ್ಯಾಲೆ ಹೋಗ್ತಾವ." ಅವನ ಹೊಟ್ಟೆಪಾಡು ಅವನಿಗೆ. ಅವನನ್ನು ಬೈದು ಪ್ರಯೋಜನವಿಲ್ಲ.

ಕಂತಿನ ಲೆಕ್ಕ ಮಾತ್ರ ಹುಷಾರು. ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಹಾಕಿ ಕೊಡುವವರಿದ್ದಾರೆ. ಗಾಡಿ ಓಡಿಸುವವನ ಫೋನು ಲಾಕ್ ಆದರೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲದೆ ಕಂತು ಎಲ್ಲಿಂದ ಕಟ್ಟುತ್ತಾನೆ? ನನ್ನ ನವಿಲುಗರಿ ಫೋನಿನದೂ ಕೇಳಿ. ಒಂಬತ್ತನೇ ಕಂತಿನ ಹೊತ್ತಿಗೆ ಬೈಕಿನಿಂದ ಬಿದ್ದು ಡಿಸ್ಪ್ಲೇ ಹೋಯಿತು. ಒರಿಜಿನಲ್ ಡಿಸ್ಪ್ಲೇ ಹಾಕಿಸಲು ಕೇಳಿದ ದುಡ್ಡಿಗೆ ಒಂದು ಸಾದಾ ಫೋನ್ ಬರುತ್ತಿತ್ತು. ಇನ್ನೂ ಮೂರು ಕಂತು ಕಟ್ಟಿದೆ, ಒಡೆದ ಫೋನಿಗೆ.

ರಿಪೇರಿ ಅನ್ನುವುದು ನಮ್ಮ ಕಡೆ ಫೋನಿನ ಅರ್ಧ ಆಯುಷ್ಯ. ಮೊದಲೆಲ್ಲ ಹಿಂದಿನ ಮುಚ್ಚಳ ಉಗುರಲ್ಲಿ ಎಬ್ಬಿಸಿ ಬ್ಯಾಟರಿ ನಾವೇ ಬದಲಿಸುತ್ತಿದ್ದೆವು. ಈಗ ಬಿಸಿ ಮಾಡಿ, ಅಂಟು ಬಿಡಿಸಿ, ಪುನಃ ಅಂಟಿಸಬೇಕು. ಅದಕ್ಕೆ ಹೊಸಪೇಟೆಗೋ ದಾವಣಗೆರೆಗೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ಜಿಲ್ಲೆ ಯಾವುದೇ ಇರಲಿ, ನನ್ನ ಮಾವನ ಮಗ ಫೋನಿನ ಸಾಮಾನಿಗೆ ಹೋಗುವುದು ದಾವಣಗೆರೆಗೇ. ಯುರೋಪಿನಲ್ಲಿ ಕಾನೂನು ಮಾಡಿದ್ದಾರೆ. 2025ರ ಜೂನ್‌ನಿಂದ ಅಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲ್ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕು. ಫೋನ್ ಅಗ್ಗದ್ದಿರಲಿ ದುಬಾರಿಯದ್ದಿರಲಿ, ನಿಯಮ ಒಂದೇ. 2027ರ ಫೆಬ್ರುವರಿಯಿಂದ ಬಳಸುವವರೇ ಬ್ಯಾಟರಿ ಬದಲಿಸುವಂತಿರಬೇಕು ಅಂತಲೂ ಇದೆ, ಕೆಲವು ವಿನಾಯಿತಿ ಬಿಟ್ಟು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಪೋರ್ಟಲ್ ಒಳ್ಳೆಯದೇ, ಆದರೆ ಫೋನ್ ಕೆಟ್ಟವನು ಅದನ್ನು ಯಾವುದರಲ್ಲಿ ನೋಡಬೇಕು ಅಂತ ಒಂದು ಕ್ಷಣ ನಗು ಬಂತು.

ಮಾವನ ಮಗನಿಗೆ ನಾನು ಹೇಳಿದ್ದು ಇಷ್ಟು. ಕ್ಯಾಮೆರಾ ಎಷ್ಟು ಅಂತ ಮೊದಲು ಕೇಳಬೇಡ. ರ‍್ಯಾಮ್ ನಾಲ್ಕಕ್ಕಿಂತ ಕೆಳಗೆ ಬೇಡ, ಆರು ಸಿಕ್ಕರೆ ಒಳ್ಳೆಯದು. "ಇನ್ನೊಂದಿಷ್ಟು ವರ್ಚುವಲ್ ರ‍್ಯಾಮ್" ಅಂತ ಸ್ಟಿಕ್ಕರಿನಲ್ಲಿ ಕೂಡಿಸಿ ಬರೆದಿರುತ್ತಾರೆ. ಅದು ಹಗೇವಿನ ಒಂದು ಮೂಲೆಯನ್ನೇ ಮೊರ ಅಂತ ಕರೆದ ಹಾಗೆ, ಲೆಕ್ಕಕ್ಕೆ ಹಿಡಿಯಬೇಡ. ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳು. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿನ್ನ ಹಳೆಯ ಫೋನಿಂದಲೇ ಅಲ್ಲೇ ನಿಂತು ನೋಡು. ಅಂಗಡಿಯ ಹೊರಗೆ ಬಿಸಿಲಿಗೆ ಬಂದು ಪರದೆ ಕಾಣುತ್ತಾ ನೋಡು, ಲಾರಿ ಹೋಗುವಾಗ ರಿಂಗು ಕೇಳುತ್ತಾ ನೋಡು. ಆ ಮಾಡೆಲ್ಲಿನ ಡಿಸ್ಪ್ಲೇ ದಾವಣಗೆರೆಯಲ್ಲಿ ಸಿಗುತ್ತಾ ಅಂತ ಮುಂಚೆಯೇ ಒಂದು ಫೋನ್ ಹಚ್ಚು. ಕನ್ನಡದಲ್ಲಿ ಎರಡು ಸಾಲು ಟೈಪ್ ಮಾಡಿ, ಅಕ್ಷರ ನಿನ್ನ ಬೆರಳಿನ ಹಿಂದೆ ಹಿಂದೆಯೇ ಬರುತ್ತಾ, ಇಲ್ಲಾ ತೂಕಡಿಸಿ ಬರುತ್ತಾ ನೋಡು. ಇದೊಂದು ನನ್ನ ಸ್ವಂತ ಪರೀಕ್ಷೆ. ಒತ್ತಕ್ಷರ ಹಾಕುವಾಗ ನಿಲ್ಲುವ ಫೋನು ಬೇರೆ ಕೆಲಸಕ್ಕೂ ನಿಲ್ಲುತ್ತದೆ.

ಅವನು ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆಯದ್ದೇ ತಂದ, ನಗದಿಗೆ. ಹೆಂಡತಿಗೆ ಅಷ್ಟೇನೂ ಖುಷಿಯಾಗಿಲ್ಲ. ಅವಳ ತಮ್ಮನ ಹತ್ತಿರ ಐಫೋನ್ ಇದೆಯಂತೆ, ಮದುವೆ ಮನೆಯಲ್ಲಿ ಇವರದ್ದು ಹೊರಗೆ ತೆಗೆಯಲು ಸಂಕೋಚವಂತೆ. ಅದಕ್ಕೆ ನಾನೇನು ಹೇಳಲಿ. ಮಾನ ಮರ್ಯಾದೆಯ ಲೆಕ್ಕವೂ ಲೆಕ್ಕವೇ, ಅದನ್ನು ಸುಳ್ಳು ಅನ್ನಲಾರೆ. ನಾನೂ ನವಿಲುಗರಿಗೆ ಮರುಳಾದವನೇ.

ಆದರೆ ಸರ್ಕಾರದ ಕೆಲಸಕ್ಕೆ ಮದುವೆ ಮನೆಯ ಲೆಕ್ಕ ಬೇಡ. ಒಂದು ಆ್ಯಪನ್ನು ಕಡ್ಡಾಯ ಮಾಡುವ ಮುಂಚೆ, ಅದನ್ನು ಬಳಸಬೇಕಾದವರ ಕೈಯಲ್ಲಿರುವ ಅತಿ ಹಳೆಯ ಫೋನಿನಲ್ಲಿ, ಅವರ ಊರಲ್ಲೇ, ಒಂದು ತಿಂಗಳು ನಡೆಸಿ ನೋಡಬೇಕು. ನಡೆಯದಿದ್ದರೆ ಆ್ಯಪ್ ಹಗುರ ಮಾಡಬೇಕು, ಇಲ್ಲಾ ನಡೆಯುವ ಫೋನು ಕೊಡಬೇಕು. ಅಲ್ಲಿಯವರೆಗೆ ಪುಸ್ತಕದಲ್ಲಿ ಬರೆದದ್ದಕ್ಕೂ ಬೆಲೆ ಇರಬೇಕು. ಫೋಟೊ ಏರಲಿಲ್ಲ ಅಂತ ಕೂಲಿ ಹಿಡಿಯಬಾರದು.

ಶಾಸಕರ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ತಾಲೂಕು ಕೆಡಿಪಿ ಸಭೆ ನಡೆಯುತ್ತದೆ. ಕೂಡ್ಲಿಗಿಯದಾಗಲಿ ಹಡಗಲಿಯದಾಗಲಿ, ಮುಂದಿನ ಸಭೆಗೆ ಒಬ್ಬ ಅಂಗನವಾಡಿ ಟೀಚರನ್ನು, ಒಬ್ಬ ಕಾಯಕ ಬಂಧುವನ್ನು ಅವರವರ ಫೋನಿನ ಸಮೇತ ಕರೆಸಲಿ. ಸಭಾಂಗಣದ ವೈಫೈ ಬಂದ್ ಮಾಡಲಿ. ಇಲಾಖೆಯ ಅಧಿಕಾರಿಗಳು ಆ ಫೋನ್ ಕೈಗೆ ತಗೊಂಡು ಎಲ್ಲರ ಎದುರಿಗೆ ಒಂದು ಮಗುವಿನ ತೂಕ, ಹತ್ತು ಮಂದಿಯ ಹಾಜರಿ ಹಾಕಿ ತೋರಿಸಲಿ. ನಾನು ಬರುತ್ತೇನೆ. ರೆಕಾರ್ಡ್ ಮಾಡಲು ಇಟ್ಟಂಗಿ ತರುತ್ತೇನೆ, ಅದರ ಬ್ಯಾಟರಿ ಸಂಜೆತನಕ ನಿಲ್ಲುತ್ತದೆ.